ಎರಡು ಹೆಸರಿನ ದನಿ

ಕೋಣೆಯ ಬೀಗ ತೆಗೆದ ಕೂಡಲೇ ಮೊದಲು ಹೊರಗೆ ಬಂದದ್ದು ಕೊಳೆತ ಹಣ್ಣಿನ ವಾಸನೆ.

ತುಳಜಾಬಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಖೂಬಾ ಪ್ಲಾಟಿನ ಆ ಮನೆ ಅವಳದು. ಮಾಳಿಗೆಯ ಮೇಲಿನ ಒಂದು ಕೋಣೆಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದಳು.

"ನಾ ಒಳಗ ಬರಾಂಗಿಲ್ರಿ ಮೇಡಮ್. ನೀವೇ ನೋಡ್ಕೋರಿ."

ಇನ್‌ಸ್ಪೆಕ್ಟರ್ ವಿಮಲಾಬಾಯಿ ರಾಠೋಡ ಒಳಗೆ ಹೋಗಿ ಕಿಟಕಿ ತೆರೆದಳು. ಬೆಳಗಿನ ಬಿಸಿಲು ನೆಲದ ಮೇಲೆ ಬಿತ್ತು. ಹೆಡ್ ಕಾನ್‌ಸ್ಟೆಬಲ್ ಮಲ್ಲು ಬಾಗಿಲಲ್ಲೇ ನಿಂತು ಫೋನಿನಲ್ಲಿ ಕೋಣೆಯ ಫೋಟೋ ತೆಗೆಯತೊಡಗಿದ.

ಕಳೆದ ವಾರ ಕಮಲಾಪುರದಲ್ಲಿ ಶಫಿ ಎಂಬವನ ಪಂಕ್ಚರ್ ಅಂಗಡಿಗೆ ಯಾರೋ ಬೆಂಕಿ ಹಚ್ಚಿದ್ದರು. ಒಳಗೆ ಮಲಗಿದ್ದ ಶಫಿ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದ್ದ. ಅಂದಿನಿಂದ ಈ ಕೋಣೆಯ ಹುಡುಗ, ಕಮಲಾಪುರದ ವಿವೇಕಾನಂದ, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಣ್ಣುಗಳು ಮೂಲೆಯಲ್ಲಿದ್ದವು. ಕಮಲಾಪುರದ ಕೆಂಪು ಬಾಳೆ. ಒಂದರ ಮೇಲೊಂದು ಚಿಪ್ಪು ಪೇರಿಸಿಟ್ಟಿತ್ತು. ಕೆಳಗಿನವು ಕಪ್ಪಾಗಿ ನೀರು ಬಿಟ್ಟಿದ್ದವು, ಮೇಲಿನವಕ್ಕೆ ಇನ್ನೂ ಬಣ್ಣವಿತ್ತು. ಒಂದು ಹಣ್ಣನ್ನೂ ಮುರಿದಿರಲಿಲ್ಲ.

"ಅವರವ್ವ ಬಸ್ಸಿನ್ಯಾಗ ಕಳಸ್ತಿದ್ಳರಿ," ಎಂದಳು ತುಳಜಾಬಾಯಿ ಹೊರಗಿನಿಂದಲೇ. "ಮೊದಲು ನಮಗೂ ಕೊಡ್ತಿದ್ದ. ಆಮ್ಯಾಲ ತಂದು ಇಡೂದು, ಅಷ್ಟ. ಯಾಕ್ ತಿನ್ನವಲ್ಲಿ ಅಂತ ಕೇಳ್ದೆ. ಮನಿ ರುಚಿ ಹತ್ತಿದ್ರ ಕೆಲಸ ಆಗಾಂಗಿಲ್ಲ ಅಂದ."

"ಯಾವ ಕೆಲಸ?"

"ಓದೂ ಕೆಲಸ ಅಂತ ತಿಳಕೊಂಡಿದ್ದೆ ನಾ."

ಗಾದಿ ಸುತ್ತಿ ಗೋಡೆಗೆ ಒರಗಿಸಿತ್ತು. ಅದರ ಮೇಲೆ ಧೂಳು ಕುಳಿತಿತ್ತು. ಹುಡುಗ ಬಹಳ ದಿನಗಳಿಂದ ಬರಿಯ ನೆಲದ ಮೇಲೆ ಮಲಗಿದ್ದ. ಪುಸ್ತಕಗಳೂ ಅಷ್ಟೇ, ಧೂಳು ಹಿಡಿದಿದ್ದವು. ಕಸದ ಬುಟ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಹೊಸ ಬಟ್ಟೆಗೆ ಚುಚ್ಚುವ ಗುಂಡುಪಿನ್ನುಗಳು, ಉದ್ದನೆಯ ಕುರ್ತಾದ ಚಿತ್ರವಿದ್ದ ರಟ್ಟು, ನಮಾಜಿನ ಟೋಪಿಗೆ ಅಂಟಿಸಿದ್ದ ಚೀಟಿ.

ಮಲ್ಲು ಆ ರಟ್ಟನ್ನು ತಿರುಗಿಸಿ ನೋಡಿದ. "ಲಿಂಗ ಕಟ್ಗೊಳ್ಳೋ ಮನಿ ಹುಡುಗರಿ ಇಂವ. ಇವಂಗ ಇದು ಯಾಕ್ ಬೇಕಾತು?"

"ಹಾಕ್ಕೊಳ್ಳಾಕ."

"ಇಂವಾ?"

"ಹೂಂ. ನೋಡಿದವರು ಬಟ್ಟಿ ನೆನಪಿಟ್ಕೊಳ್ತಾರ, ಮಾರಿ ಅಲ್ಲ."

ಮಲ್ಲು ರಟ್ಟನ್ನು ಮೆಲ್ಲಗೆ ಕವರಿನೊಳಗೆ ಇಟ್ಟ.

ವಿಮಲಾಬಾಯಿ ಬಾಗಿಲ ಹಿಂದಿದ್ದ ಚಪ್ಪಲಿ ಎತ್ತಿಕೊಂಡಳು. ಅಟ್ಟೆಯ ಗೀರುಗಳಲ್ಲಿ ಹಳದಿ ಪುಡಿ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದಾಗ ತೊಗರಿಯ ಹೊಟ್ಟು ಉದುರಿತು. ಮುಗ್ಗುಲು ವಾಸನೆ, ಮಳೆಗೆ ನೆಂದು ಒಣಗಿದ ಹಳೆಯ ಹೊಟ್ಟು.

"ನಂದೂರ," ಎಂದ ಮಲ್ಲು. "ಆದ್ರ ಅಲ್ಲಿ ದಾಲ್ ಮಿಲ್ ಭಾಳ ಅವರಿ."

"ನಡಿಯೋ ಮಿಲ್ ಬಿಡು. ಅಲ್ಲಿ ಹೊಟ್ಟು ಮುಗ್ಗಾಂಗಿಲ್ಲ. ಮುಚ್ಚಿದ್ದು ಯಾವ ಅವ, ನೋಡಾಕ ಹೇಳು. ಯೂನಿಫಾರ್ಮ್ ಬ್ಯಾಡ."

ಮಲ್ಲು ಇಬ್ಬರು ಕಾನ್‌ಸ್ಟೆಬಲ್‌ಗಳಿಗೆ ಫೋನ್ ಮಾಡಿದ. ಜೀಪು ಕಮಲಾಪುರದ ದಾರಿ ಹಿಡಿಯಿತು.

*

ಶಿವಕಾಂತಮ್ಮ ಅಂಗಳದಲ್ಲಿ ಕುಳಿತು ಬುಟ್ಟಿಗೆ ಬಾಳೆಯೆಲೆ ಹಾಸುತ್ತಿದ್ದಳು. ವಿವೇಕಾನಂದನ ತಾಯಿ. ಪೊಲೀಸರು ಮೊದಲೂ ಬಂದು ಹೋಗಿದ್ದರು. ಜೀಪು ನಿಂತದ್ದಕ್ಕೆ ಅವಳ ಮುಖದಲ್ಲಿ ಭಯ ಕಾಣಲಿಲ್ಲ, ದಣಿವು ಮಾತ್ರ ಕಾಣಿಸಿತು.

"ಯಜಮಾನ್ರು ಎಲ್ಲಿ ಹೋಗ್ಯಾರ್ರಿ ಅವ್ವಾರ?" ವಿಮಲಾಬಾಯಿ ಕಟ್ಟೆಯ ಮೇಲೆ ಕುಳಿತಳು.

"ಕಲಬುರ್ಗಿ ದವಾಖಾನಿಗೆ."

"ಆರಾಮ ಇಲ್ಲೇನು?"

"ಅವರಿಗೇನ್ ಆಗಿಲ್ರಿ. ಶಫಿ ಬಲ್ಲಿ ಹೋಗ್ತಾರ. ದಿನಾ ಹೋಗ್ತಾರ. ವಾರ್ಡಿನ ಹೊರಗ ಬೆಂಚಿನ ಮ್ಯಾಲ ಕೂತು ಸಂಜಿಗೆ ಬರ್ತಾರ. ಶಫಿ ಹೇಣ್ತಿ ಚಾ ಕೊಟ್ರ ಕುಡಿಯಾಂಗಿಲ್ಲಂತ. ಯಾಕ್ ಬಂದೀರಿ ಅಂದ್ರ ಹೇಳಾಂಗಿಲ್ಲಂತ."

ಶಿವಕಾಂತಮ್ಮನ ಗಂಡ ದೌಲಪ್ಪ ಮಗನ ಮೇಲೆ ಅನುಮಾನವಿದೆಯೆಂದು ಪೊಲೀಸರಿಗೆ ಹೇಳಿರಲಿಲ್ಲ. ಮಗ ಅಂಥವನಲ್ಲ ಎಂದೂ ಹೇಳಿರಲಿಲ್ಲ.

"ಮೊದಲಿಂದ ಹೇಳ್ರಿ," ಎಂದಳು ವಿಮಲಾಬಾಯಿ. "ಶಫಿ ನಿಮ್ಮ ಹುಡುಗಗ ಯಾಕ್ ಹೊಡದ?"

"ಗಾಡಿ ಅಂಗಡಿಗೆ ಅಡ್ಡ ಹಚ್ಚಿದ್ದ. ತಗಿ ಅಂದ್ರ ಎದುರಾಡಿದ. ಶಫಿ ಕಪಾಳಕ್ಕ ಒಂದು ಹೊಡದ. ನಮ್ಮ ಮನಿಯವರು ಹೊಡದಿದ್ರೂ ಅಷ್ಟೇ ಹೊಡೀತಿದ್ರು. ಆದ್ರ ಯಾರೋ ವಿಡಿಯೋ ಮಾಡಿದ್ರಲ್ಲ." ಅವಳು ಎಲೆಯ ಮೇಲೆ ಕೈಯಾಡಿಸಿದಳು. "ಕಾಲೇಜ್ ತುಂಬ ಹೋತು ಅದು. ಹುಡುಗೂರು ಅವನ ಹೆಸರು ಬಿಟ್ಟು ಕಪಾಳ ಅಂತ ಕರ್ಯಾಕತ್ರು. ಅಂವ ಅತ್ತಿದ್ರ ಚಲೋ ಇತ್ರಿ. ಅಳಲಿಲ್ಲ."

ಶಫಿ ಹೊಡೆದ ಸಂಜೆಯೇ ಊರಲ್ಲಿ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿತ್ತು. ಪೊಲೀಸರು ಸಿಕ್ಕವರನ್ನು ಹಿಡಿದೊಯ್ದಿದ್ದರು. ವಿಮಲಾಬಾಯಿ ಆಗ ಬೇರೆ ಠಾಣೆಯಲ್ಲಿದ್ದಳು.

"ಆಮ್ಯಾಲ ಏನಾತು?"

"ಮಾತು ಬದಲಾತು. ಯಾರದೋ ಮಾತು ಬಾಯಿಪಾಠ ಮಾಡಿ ಹೇಳ್ದಂಗ ಹೇಳ್ತಿದ್ದ. ನಮ್ಮವರು, ಅವರು, ನಮ್ಮವರು, ಅವರು. ಒಂದಿನ ನಾ ಕೇಳ್ದೆ, ನಮ್ಮವರು ಅಂದ್ರ ಯಾರೋ ಅಂತ. ನನ್ನ ಮಾರಿ ನೋಡಿ, ನೀ ಅಲ್ಲ ಅಂದ."

"ಯಾರಿಗರೆ ಹೇಳಿದ್ರೇನು?"

"ಹೇಳ್ದೆ. ಕುಡಿಯಾಂಗಿಲ್ಲ, ತಂಬಾಕ ತಿನ್ನಾಂಗಿಲ್ಲ, ಹುಡುಗ ಸುಧಾರಿಸ್ಯಾನ, ನಿನಗೇನ್ ದಾಡಿ ಅಂದ್ರು ಮಂದಿ. ನಾನೂ ಹೌದು ಅಂದ್ಕೊಂಡೆ."

ಅವಳು ಒಳಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಹಳೆಯ ಫೋನ್ ತಂದಳು. ಮಗ ಹೊಸ ಫೋನ್ ತೆಗೆದುಕೊಂಡಾಗ ಇದನ್ನು ತಾಯಿಗೆ ಕೊಟ್ಟಿದ್ದ.

"ಮೊದಲ ಬಂದವರಿಗೆ ಕೊಡಲಿಲ್ರಿ. ಅವನ ಸಣ್ಣಾಂವಿದ್ದಾಗಿನ ಫೋಟೋ ಅವ ಇದರಾಗ. ಒಯ್ದು ಬಿಡ್ತಾರಂತ ಅಂಜಿದೆ. ಯಾರೋ ಮಾತಾಡಿ ಕಳಿಸಿದ್ದೂ ಒಂದು ಅದ. ಅದು ಯಾರು ನನಗ ಗೊತ್ತಿಲ್ಲ."

ವಿವೇಕಾನಂದ ಮೆಸೇಜುಗಳನ್ನೆಲ್ಲ ಅಳಿಸಿದ್ದ. ಒಂದು ಆಡಿಯೋ ಮಾತ್ರ ಬೇರೆ ಫೋಲ್ಡರಿನಲ್ಲಿ ಉಳಿದಿತ್ತು. ವಿಮಲಾಬಾಯಿ ಅದನ್ನು ಒತ್ತಿದಳು.

ಮೊದಲು ಮೂಗಿನಿಂದ ಮೆಲ್ಲಗೆ ಬಿಟ್ಟ ಒಂದು ಉಸಿರು. ಆಮೇಲೆ ಗಂಡಸಿನ ದನಿ.

"ವಿವೇಕಾ. ಆರಾಮ ಕೂತು ಕೇಳು. ಆವತ್ತು ನಿನಗ ಹೊಡದಾಗ ಸುತ್ತ ಎಷ್ಟು ಮಂದಿ ನಿಂತಿದ್ರು? ಒಬ್ಬರರೆ ಕೈ ಹಿಡದ್ರೇನು? ನಿನ್ನ ನೋವು ಯಾರಿಗೂ ಕಾಣಲಿಲ್ಲ ತಮ್ಮಾ. ಈ ದಾದಾಗ ಕಂಡದ. ಇದು ನಮ್ಮಿಬ್ಬರ ನಡುವ ಇರಲಿ. ಅವ್ವಗ ಹೇಳಬ್ಯಾಡ, ಪಾಪ, ಹೆದರ್ತಾಳ."

ಅಷ್ಟೇ. ಬೈಗುಳವಿಲ್ಲ, ಕೂಗಾಟವಿಲ್ಲ, ಯಾವ ಧರ್ಮದ ಹೆಸರೂ ಇಲ್ಲ. ಹುಡುಗನ ಮನೆಯ ಹಿರಿಯನೊಬ್ಬ ಆಡಬೇಕಿದ್ದ ಮಾತುಗಳು, ಯಾರೂ ಆಡದೆ ಉಳಿದವು, ಆ ದನಿಯಲ್ಲಿದ್ದವು.

ಶಿವಕಾಂತಮ್ಮ ಬುಟ್ಟಿಯ ಕಡೆ ನೋಡುತ್ತ ಹೇಳಿದಳು. "ಎಷ್ಟ್ ಪ್ರೀತಿಲೆ ಮಾತಾಡ್ತಾನ ನೋಡ್ರಿ. ನಾ ಅವನಿಗೆ ಹಂಗ ಕೇಳೇ ಇಲ್ಲ. ಗಾಡಿ ಯಾಕ್ ಅಡ್ಡ ಹಚ್ಚಿದಿ ಅಂತ ಬೈದೆ."

*

ನದೀಮನ ಮನೆ ಎರಡು ಓಣಿಯಾಚೆ ಇತ್ತು. ಹತ್ತನೆಯ ತರಗತಿಯವರೆಗೆ ಅವನೂ ವಿವೇಕಾನಂದನೂ ಒಂದೇ ಬೆಂಚು. ಹೊಡೆದಾಟದ ಸಂಜೆ ಪೊಲೀಸರು ಹಿಡಿದವರಲ್ಲಿ ನದೀಮನೂ ಒಬ್ಬ. ಲಾಕಪ್ಪಿನಲ್ಲಿ ಹೊಡೆತ ತಿಂದು ಹೊರಗೆ ಬರುವಷ್ಟರಲ್ಲಿ ಮೊಬೈಲ್ ಅಂಗಡಿಯ ಕೆಲಸ ಹೋಗಿತ್ತು. ಅವನ ದಾದಿ, ಎಂದರೆ ಅಜ್ಜಿ, ಇಮಾಮಬಿ ಕೆಲವು ವಾರಗಳ ಹಿಂದೆ ತಾನೇ ಅವನ ಕೈ ಹಿಡಿದು ವಿಮಲಾಬಾಯಿಯ ಠಾಣೆಗೆ ಕರೆತಂದಿದ್ದಳು. ಭಾಯಿಜಾನ್ ಎಂಬ ಯಾರೋ ಅವನನ್ನು ಫೋನಿನಲ್ಲಿ ತನ್ನ ಕೆಲಸಕ್ಕೆ ಕರೆಯುತ್ತಿದ್ದಾನೆ ಎಂದು ಹೇಳಲು.

"ಬೈಠೋ ಬೇಟಿ," ಎಂದು ಇಮಾಮಬಿ ಚಾಪೆ ಸರಿಸಿದಳು. "ಇಂವ ಈಗ ಊಟ ಮಾಡಾಕತ್ತಾನ. ಬಾಜೂಕ ಕೂತೇ ಮಾಡ್ತಾನ."

"ಆವಾಗ ಇಂವ ಹೆಂಗ ಬಾಯಿ ಬಿಟ್ಟ ದಾದಿ? ನೀವು ಪೂರಾ ಹೇಳೇ ಇಲ್ಲ."

"ಕಿವಿಯಾಗ ಅದು ತುರುಕ್ಕೊಂಡು ಕೂಡ್ತಿದ್ದ. ರೊಟ್ಟಿ ಠಂಡಾ ಆಗ್ತಿತ್ತು. ನಾ ಚಾಪಿ ತಗೊಂಡು ಅವನ ದರವಾಜದಾಗ ಕೂತೆ. ಏನ್ ಕೇಳಾಕತ್ತಿ ಬೇಟಾ, ನಂಗೂ ಕೇಳ್ಸು ಅಂದೆ. ಕೇಳಸವಲ್ಲ. ನಾ ಏಳವಲ್ಲೆ. ನಮಾಜೂ ಅಲ್ಲೇ, ನಿದ್ದೀನೂ ಅಲ್ಲೇ."

ನದೀಮ ತಟ್ಟೆಯ ಕಡೆ ತಲೆ ಬಗ್ಗಿಸಿದ. "ಕಡೀಕ ದಾದಿ ಮುಂದ ಜೋರಾಗಿ ಹಚ್ಚಿದೆ ಮೇಡಮ್. ಒಬ್ಬನ ಕೇಳಿದಾಗ ಇದ್ದಂಗ ಇರಲಿಲ್ಲ ಅದು. ಶರಮ್ ಆತು."

ವಿಮಲಾಬಾಯಿ ಶಿವಕಾಂತಮ್ಮ ಕೊಟ್ಟ ಫೋನಿನಲ್ಲಿದ್ದ ಆಡಿಯೋ ಹಚ್ಚಿದಳು.

ಮಾತು ಶುರುವಾಗುವ ಮೊದಲೇ, ಆ ಮೂಗಿನ ಉಸಿರಿಗೇ, ನದೀಮನ ಕೈ ತಟ್ಟೆಯಲ್ಲಿ ನಿಂತಿತು.

"ಇದು ಭಾಯಿಜಾನ್."

"ಖರೆ ಹೇಳು. ಇದು ಕನ್ನಡ ಅದ. ನಿನ್ನ ಭಾಯಿಜಾನ್ ನಿನ್ನ ಜೊತಿ ಉರ್ದುದಾಗ ಮಾತಾಡ್ತಿದ್ದ."

"ಮಾತು ಬ್ಯಾರೆ ಅದರಿ. ಮನಷ್ಯಾ ಇವನೇ." ಅವನು ಕೈ ತೊಳೆದು ತನ್ನ ಫೋನ್ ತಂದ. ಇಮಾಮಬಿಯ ಮಾತಿನಂತೆ ಅವನು ಒಂದನ್ನೂ ಅಳಿಸಿರಲಿಲ್ಲ.

ಅದೇ ಉಸಿರು. ಅದೇ ನಿಧಾನ. "ನದೀಮ್. ಇತ್ಮಿನಾನ್ ಸೇ ಬೈಠ್ ಕೇ ಸುನ್. ತೇರಿ ತಕ್ಲೀಫ್ ಕಿಸ್ಕೂ ನೈ ದಿಖ್ತಿ ಬೇಟಾ, ಮೇರೇಕು ದಿಖ್ತಿ." ಆರಾಮವಾಗಿ ಕೂತು ಕೇಳು, ನಿನ್ನ ನೋವು ಯಾರಿಗೂ ಕಾಣುವುದಿಲ್ಲ, ನನಗೆ ಕಾಣುತ್ತದೆ. ಕೊನೆಗೆ, ದಾದಿಗೆ ಹೇಳಬೇಡ, ಮುದುಕಿ ಗಾಬರಿಯಾಗುತ್ತಾಳೆ.

ಇಮಾಮಬಿ ಮೊಣಕಾಲ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. "ಶಿವಕಾಂತಮ್ಮನ ಮಗಗೂ ಇದೇ?"

"ಇದೇ."

"ಹಂಗಾರ ನಾ ಆವತ್ತೇ ಅವರ ಮನಿಗೆ ಹೋಗ್ಬೇಕಿತ್ತು," ಎಂದಳು ಮುದುಕಿ. "ನನ್ನ ಹುಡುಗ ಬಂದ, ಸಾಕು ಅಂದ್ಕೊಂಡು ಸುಮ್ಮನಾದೆ."

ಹೊರಗೆ ಮಲ್ಲುವಿನ ಫೋನ್ ರಿಂಗಾಯಿತು. ನಂದೂರಿನ ಕೊನೆಗೆ, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಮುಚ್ಚಿದ್ದ ಒಂದು ದಾಲ್ ಮಿಲ್. ಮುಂದಿನ ಗೇಟಿನ ಬೀಗ ತುಕ್ಕು ಹಿಡಿದಿದೆ. ಹಿಂದಿನ ಬಾಗಿಲಿನ ಬೀಗ ಹೊಸದು, ತೆರೆದೇ ಇದೆ. ಮೇಲಿನ ಕೋಣೆಯಲ್ಲಿ ಯಾರೋ ಓಡಾಡುತ್ತಿದ್ದಾರೆ.

*

ಮಿಲ್ಲಿನ ಹಿಂದಿನ ಅಂಗಳದಲ್ಲಿ ಜೀಪು ನಿಲ್ಲಿಸಿ ವಿಮಲಾಬಾಯಿ ಮಲ್ಲುವನ್ನೂ ಇಬ್ಬರು ಕಾನ್‌ಸ್ಟೆಬಲ್‌ಗಳನ್ನೂ ಕೆಳಗೇ ಉಳಿಸಿದಳು.

"ಒಬ್ಬರೇ ಹೋಗ್ಬ್ಯಾಡ್ರಿ ಮೇಡಮ್," ಎಂದ ಮಲ್ಲು.

"ಎಲ್ಲಾರೂ ಹೋದ್ರ ಅಂವ ಹೆದರ್ತಾನ. ಹೆದರಿದವರ ಕೈಯಾಗ ಏನ್ ಇರ್ತದೋ ಗೊತ್ತಾಗಾಂಗಿಲ್ಲ. ನಾ ಕರೆದ್ರ ಬಾ."

ಮರದ ಮೆಟ್ಟಿಲು ಹತ್ತಿ ಅವಳು ಬಾಗಿಲು ತಳ್ಳಿದಳು. ಖಾಲಿ ಗೋಣಿಚೀಲಗಳ ರಾಶಿಯ ಆಚೆ ಒಬ್ಬ ತೆಳ್ಳಗಿನ ಹುಡುಗ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಒಂದು ಕೈಯಲ್ಲಿ ಪೆಟ್ರೋಲ್ ತುಂಬಿದ ಬಾಟಲಿ, ಇನ್ನೊಂದರಲ್ಲಿ ಲೈಟರ್. ಪಕ್ಕದ ಮೊಳೆಗೆ ಹೊಸ ಬಿಳಿ ಕುರ್ತಾ ತೂಗುಹಾಕಿತ್ತು.

"ಹತ್ರ ಬರಬ್ಯಾಡ್ರಿ."

"ಬರಾಂಗಿಲ್ಲ. ಇಲ್ಲೇ ಕೂಡ್ತೀನಿ. ಮುಂಜಾನಿಂದ ತಿರಗಿ ಕಾಲು ನೋಯಾಕತ್ತಾವ."

ಅವಳು ನಿಜವಾಗಿಯೂ ಚೀಲಗಳ ಮೇಲೆ ಕುಳಿತಳು. ಹುಡುಗನಿಗೆ ಮುಂದೇನು ಮಾಡಬೇಕೆಂದು ತೋಚಿದಂತೆ ಕಾಣಲಿಲ್ಲ. ಅವನು ಓಡಿಬರುವ ಪೊಲೀಸರಿಗೆ ಸಿದ್ಧನಾಗಿದ್ದ, ಕೂರುವವರಿಗೆ ಅಲ್ಲ.

"ನನಗ ಹೊಳ್ಳಿ ಹೋಗೋ ದಾರಿ ಇಲ್ರಿ," ಎಂದ.

"ಯಾರ್ ಹೇಳಿದ್ರು?"

"ಶಫಿ ಸತ್ತಾನ."

"ಅದನ್ನ ಯಾರ್ ಹೇಳಿದ್ರು?"

ಹುಡುಗ ಕೈಯಲ್ಲಿದ್ದ ಲೈಟರ್ ಕಡೆ ನೋಡಿದ.

"ಶಫಿ ಬದುಕ್ಯಾನ. ಎರಡೂ ಕೈ ಸುಟ್ಟಾವ, ಬೆನ್ನು ಸುಟ್ಟದ. ನಿನ್ನೆ ಗಂಜಿ ಕುಡದಾನ."

"ಸುಳ್ಳ. ನನ್ನ ಹಿಡಿಯಾಕ ಹೇಳಾಕತ್ತೀರಿ."

"ನಿಮ್ಮಪ್ಪ ದಿನಾ ಆ ವಾರ್ಡಿನ ಹೊರಗ ಬೆಂಚಿನ ಮ್ಯಾಲ ಕೂಡ್ತಾನ. ಸತ್ತವನ ಸಲುವಾಗಿ ಯಾರೂ ದವಾಖಾನ್ಯಾಗ ಕೂಡಾಂಗಿಲ್ಲ."

ವಿವೇಕಾನಂದನ ಮುಖ ಮೊದಲ ಸಲ ಅವಳ ಕಡೆ ಪೂರ್ತಿ ತಿರುಗಿತು. "ಅಪ್ಪನಾ?"

"ಹೂಂ. ಚಾ ಸುದ್ದಾ ಕುಡಿಯಾಂಗಿಲ್ಲಂತ."

ಹುಡುಗ ಗೋಡೆಗೆ ಒರಗಿಕೊಂಡೇ ಕೆಳಗೆ ಜಾರಿ ಕುಳಿತ. ಬಾಟಲಿ ಕೈಯಲ್ಲೇ ಇತ್ತು. ಕೆಳಗೆ ಅಂಗಳದಲ್ಲಿ ಯಾರೋ ಕೆಮ್ಮಿದರು. ರಸ್ತೆಯಲ್ಲಿ ಲಾರಿಯೊಂದು ಹಾದುಹೋಯಿತು.

"ಅಂಗಡಿ ಖಾಲಿ ಅದ ಅಂದಿದ್ರು ದಾದಾ," ಎಂದ ಅವನು.

"ಖಾಲಿ ಇಲ್ಲಂತ ನಿನಗ ಯಾವಾಗ ಗೊತ್ತಾತು?"

"ಒದರಿದ್ದು ಕೇಳ್ತು. ನಾ ಹೊಳ್ಳಿ ಹೋಗ್ಬೇಕಂದೆ. ಫೋನಿನ್ಯಾಗ ದಾದಾ ಇದ್ರು. ಓಡು ಅಂದ್ರು." ಅವನ ದನಿ ಸಣ್ಣದಾಯಿತು. "ಓಡಿದೆ."

ವಿಮಲಾಬಾಯಿ ಸಮಾಧಾನ ಹೇಳಲಿಲ್ಲ. "ಅದಕ್ಕ ನೀ ಕೋರ್ಟಿನ್ಯಾಗ ಜವಾಬು ಕೊಡಬೇಕಾಗ್ತದ. ಅದನ್ನ ನಾ ತಪ್ಪಸಾಂಗಿಲ್ಲ. ಆದ್ರ ಆ ಕುರ್ತಾ ಅದಲ್ಲ, ಅದನ್ನ ಇನ್ನೂ ನೀ ಹಾಕ್ಕೊಂಡಿಲ್ಲ. ಅದರ ಕೆಲಸ ಏನ್ ಹೇಳು."

ಅವನು ಹೇಳಿದ. ಹೇಳುವಾಗ ಕಣ್ಣು ಎತ್ತಲಿಲ್ಲ. ಇವತ್ತು ಸಂಜೆ ಶರಣಬಸವೇಶ್ವರ ಗುಡಿಯ ಮುಂದೆ, ಕಾಲೇಜು ಬಿಟ್ಟು ಹುಡುಗರು ಬರುವ ಹೊತ್ತಿಗೆ, ಸಾಲಾಗಿ ನಿಂತ ಗಾಡಿಗಳಿಗೆ ಬೆಂಕಿ ಹಚ್ಚಬೇಕು. ಕುರ್ತಾ, ಟೋಪಿಯಲ್ಲಿ. ಆಮೇಲೆ ಎಲ್ಲರ ಕಣ್ಣೆದುರು ಓಡಬೇಕು.

"ಕಾಣಬೇಕು, ಸಿಗಬಾರದು ಅಂದ್ರು."

"ಅಲ್ಲಿ ನಿಲ್ಲೋ ಗಾಡಿ ಯಾರವು?"

"ನಮ್ಮವರವೇ."

"ನಿನ್ನ ಕಾಲೇಜಿನ ಹುಡುಗೂರು ಇರ್ತಾರ. ಊರಿಂದ ಬಂದ ಮುದುಕೇರು ಇರ್ತಾರ. ಅವರಿಗೆ ಬೆಂಕಿ ಹಚ್ಚಿ ಯಾರಿಗೆ ಚಲೋ ಮಾಡಾಂವಿದ್ದಿ?"

"ನಮ್ಮವರು ಮಲಗ್ಯಾರ. ಎಬ್ಬಸಬೇಕು. ಸುಮ್ಮ ಎಬ್ಬಿಸಿದ್ರ ಏಳಾಂಗಿಲ್ಲ." ವಾಕ್ಯಗಳು ಒಂದರ ಹಿಂದೊಂದು ತಡೆಯಿಲ್ಲದೆ ಬಂದವು. ತಾಯಿ ಹೇಳಿದ ಬಾಯಿಪಾಠ ಇದೇ ಇರಬೇಕು. ಮುಗಿದ ಮೇಲೆ ಅವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ಮೊಳೆಗೆ ತೂಗುತ್ತಿದ್ದ ಕುರ್ತಾದ ಕಡೆ ನೋಡಿದ.

"ನದೀಮಗ ಯಾಕ್ ಬಿಟ್ಟಿ?" ಎಂದು ಅವಳು ಬೇರೆ ಕಡೆಯಿಂದ ಕೇಳಿದಳು.

"ಆ ವಿಡಿಯೋ ಮಾಡಿ ಬಿಟ್ಟಾಂವ ಅವನೇ. ದಾದಾ ತಪಾಸ ಮಾಡಿ ಹೇಳ್ಯಾರ."

"ವಿಡಿಯೋದಾಗ ನದೀಮ ನಿಂತಾನ, ನೋಡೀಯಿಲ್ಲ? ತನ್ನ ವಿಡಿಯೋ ತಾನೇ ಹೆಂಗ ಮಾಡ್ತಾನ?"

ಇಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು. ವಿಮಲಾಬಾಯಿ ನದೀಮನ ಆಡಿಯೋವನ್ನು ತನ್ನ ಫೋನಿಗೆ ಹಾಕಿಸಿಕೊಂಡಿದ್ದಳು. ಅದನ್ನು ದನಿ ಪೂರ್ತಿ ಏರಿಸಿ ಚೀಲದ ಮೇಲಿಟ್ಟಳು.

ಉಸಿರು. ನದೀಮನ ಹೆಸರು. ಬೇಟಾ ಎಂಬ ಮಾತು. ನಿನ್ನ ನೋವು ಯಾರಿಗೂ ಕಾಣುವುದಿಲ್ಲ.

ಖಾಲಿ ಮಿಲ್ಲಿನ ತಗಡಿಗೆ ಬಡಿದು ಮಾತು ಎರಡೆರಡು ಸಲ ಕೇಳಿಸಿತು. ವಿವೇಕಾನಂದ ಮೊದಲು ಗುರುತು ಸಿಕ್ಕವನಂತೆ ತಲೆಯೆತ್ತಿದ. ಆಮೇಲೆ ತಲೆ ಅಲ್ಲಾಡಿಸಿದ. ಆಡಿಯೋ ಮುಗಿಯಿತು. ಅವಳು ಮತ್ತೆ ಹಚ್ಚಿದಳು.

"ಸಾಕ್ರಿ," ಎಂದ.

"ಇದು ದಾದಾ ಹೌದೋ ಅಲ್ಲೋ?"

"ಹೌದ್ರಿ."

"ನದೀಮಗೂ ಹೇಳ್ಯಾನ, ಪೊಲೀಸರಿಗೆ ಅವನ ಹೆಸರು ಕೊಟ್ಟಾಂವ ನೀನೇ ಅಂತ. ಕೊಟ್ಟಿದ್ದೇನು?"

"ಇಲ್ರಿ. ಅವ್ವನ ಆಣೆ, ಇಲ್ಲ."

"ನನಗ ಗೊತ್ತದ. ಆ ಫೈಲ್ ನಾ ನೋಡೀನಿ."

ಬಾಟಲಿ ಅವನ ಕೈಯಿಂದ ನೆಲಕ್ಕೆ ಇಳಿಯಿತು. ಲೈಟರ್ ಅನ್ನು ಅವನೇ ಅವಳ ಕಡೆ ಉರುಳಿಸಿದ. ಅಳು ಬರಲಿಲ್ಲ. ವಿಮಲಾಬಾಯಿ ಎದ್ದು ಬಾಟಲಿಯನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ಬಂದಳು. ಮಲ್ಲುವನ್ನು ಕರೆಯಲು ಬಾಯಿ ತೆರೆದಳು.

ಅಷ್ಟರಲ್ಲಿ ಚೀಲಗಳ ನಡುವೆ ಹುಡುಗನ ಹೊಸ ಫೋನ್ ರಿಂಗಾಯಿತು.

"ದಾದಾ," ಎಂದ ವಿವೇಕಾನಂದ. ಅವನು ಕೈ ಚಾಚಲಿಲ್ಲ.

ಅವಳು ಸನ್ನೆ ಮಾಡಿದಳು: ಎತ್ತು, ಸ್ಪೀಕರಿಗೆ ಹಾಕು, ಎಂದಿನಂತೆ ಮಾತಾಡು. ಹುಡುಗ ಒತ್ತಿದ. "ದಾದಾ, ಹೇಳ್ರಿ."

ಆ ಕಡೆಯಿಂದ ಮೂಗಿನ ಉಸಿರು ಕೇಳಿಸಿತು.

ಆಮೇಲೆ ದನಿ ಮಾತಾಡಿತು. ವಿವೇಕಾನಂದನ ಜೊತೆಗಲ್ಲ. ಕನ್ನಡದಲ್ಲೂ ಅಲ್ಲ, ಉರ್ದುವಿನಲ್ಲೂ ಅಲ್ಲ.

ಲಂಬಾಣಿ. ವಿಮಲಾಬಾಯಿ ಹುಟ್ಟಿ ಬೆಳೆದ ತಾಂಡಾದ ಮಾತು.

ವಿಮ್ಲೀ, ಎಂದಿತು ದನಿ. ಹಾಗೆ ಕರೆಯುತ್ತಿದ್ದವರು ತಾಂಡಾದ ನಾಲ್ಕು ಜನ. ಯಾಡಿ ಆರಾಮಿದ್ದಾಳಾ ಎಂದು ಕೇಳಿತು. ಯಾಡಿ ಎಂದರೆ ತಾಯಿ. ಆಮೇಲೆ ನಿಧಾನವಾಗಿ, ಅವಸರವಿಲ್ಲದೆ, ಹೇಳಿತು: ತಾಂಡಾದವಳಿಗೆ ಇಂಥ ಕೇಸು ಕೊಟ್ಟದ್ದೇ ನನ್ನ ತಪ್ಪು ಅಂದರಲ್ಲ ನಿನ್ನ ಸಾಹೇಬರು, ನೀನು ಸೆಲ್ಯೂಟ್ ಹೊಡೆದು ಹೊರಗೆ ಬಂದೆಯಲ್ಲ, ನನಗೆ ಬಹಳ ನೋವಾಯಿತು.

ಆ ಮಾತು ಇವತ್ತು ಬೆಳಿಗ್ಗೆ, ಖೂಬಾ ಪ್ಲಾಟಿಗೆ ಹೊರಡುವ ಮೊದಲು, ಮೇಲಧಿಕಾರಿಯ ಮುಚ್ಚಿದ ಕೋಣೆಯಲ್ಲಿ ಆಡಿದ್ದು. ಅವಳು ಯಾರಿಗೂ ಹೇಳಿರಲಿಲ್ಲ. ಒಳಗೆ ಇದ್ದವರು ಮೂವರು: ಸಾಹೇಬರು, ಅವಳು, ಮಲ್ಲು.

ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಮಲ್ಲು ನಳದ ಕೆಳಗೆ ಮುಖ ತೊಳೆಯುತ್ತಿದ್ದ. ಅವನ ಫೋನ್ ಜೀಪಿನ ಬಾನೆಟ್ ಮೇಲೆ ಇತ್ತು.

ದನಿ ಮುಂದುವರಿಯಿತು. ವಿವೇಕ ಹೋಗುವುದಿಲ್ಲ ಎಂದು ನನಗೆ ಮೊದಲೇ ಅನಿಸಿತ್ತು. ಅದಕ್ಕೇ ಇನ್ನೊಬ್ಬ ಹೊರಟಿದ್ದಾನೆ. ಗುಡಿಯ ಹತ್ತಿರ ತಲುಪಿಯೂ ಇರಬೇಕು. ಬೇರೆ ಬಟ್ಟೆ, ಬೇರೆ ಮುಖ. ಅವನು ಯಾರು ಎಂದು ನಿನಗೊಬ್ಬಳಿಗೇ ಹೇಳುತ್ತೇನೆ. ಒಬ್ಬಳೇ ಬಾ. ಗುಡಿಯ ಮುಂದೆ ನಿಂತಾಗ ಮತ್ತೆ ಫೋನ್ ಮಾಡುತ್ತೇನೆ. ನಿನ್ನವರಿಗೆ ಹೇಳಬೇಡ ವಿಮ್ಲೀ. ನಿನ್ನವರು ಎಂಥವರು ಎಂದು ಬೆಳಿಗ್ಗೆಯೇ ನೋಡಿದೆಯಲ್ಲ.

ಫೋನ್ ಕಟ್ಟಾಯಿತು.

ಅವಳು ಹುಡುಗನ ಕೈಯಿಂದ ಫೋನ್ ತೆಗೆದುಕೊಂಡು ನಿಂತೇ ಇದ್ದಳು. ರೆಕಾರ್ಡ್ ಮಾಡಬೇಕಿತ್ತು ಎಂಬುದು ಈಗ ನೆನಪಾಯಿತು. ಒಂದು ಸಲವೂ ಅದು ತಲೆಗೆ ಬಂದಿರಲಿಲ್ಲ. ಮಾತು ಮುಗಿಯುವವರೆಗೆ ಅವಳು ಬರೀ ಕೇಳಿದ್ದಳು.

ವಿವೇಕಾನಂದ ಅವಳ ಮುಖವನ್ನೇ ನೋಡುತ್ತಿದ್ದ.

"ಅಂವ ಏನಂದ ನನಗ ತಿಳೀಲಿಲ್ರಿ ಮೇಡಮ್," ಎಂದ. "ಆದ್ರ ನನಗೂ ಹಿಂಗೇ ಶುರು ಆಗಿತ್ತು."

ಮೆಟ್ಟಿಲ ಮೇಲೆ ಬೂಟಿನ ಸಪ್ಪಳವಾಯಿತು. ಮಲ್ಲು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. ಹುಡುಗನನ್ನು ನೋಡಿದ, ಲೈಟರ್ ನೋಡಿದ, ಅವಳ ಕೈಯಲ್ಲಿದ್ದ ಫೋನ್ ನೋಡಿದ.

"ಯಾರ ಫೋನ್ ರೀ ಮೇಡಮ್?"

"ರಾಂಗ್ ನಂಬರ್," ಎಂದಳು ವಿಮಲಾಬಾಯಿ. "ಇವನ್ನ ನೋಡ್ಕೋ. ಜೀಪಿನ ಕೀಲಿ ಕೊಡು."